‘ಬೇಡ’ ಅನ್ನುವ ಬಟನ್ ನಮಗೂ ತೋರಿಸಿ: ಡೇಟಾ ಸಂರಕ್ಷಣಾ ಮಂಡಳಿಗೆ ಡೊಂಬಿವಲಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಭಾರತದ ಡೇಟಾ ಸಂರಕ್ಷಣಾ ಮಂಡಳಿ

ಪ್ರತಿ: ಮಾಹಿತಿ ತಂತ್ರಜ್ಞಾನ ಇಲಾಖೆ, ಮಹಾರಾಷ್ಟ್ರ ಸರ್ಕಾರ, ಮುಂಬೈ

ವಿಷಯ: ವೆಬ್‌ಸೈಟ್‌ಗಳ ಕುಕಿ ಬ್ಯಾನರ್ ಮತ್ತು ಅದರಲ್ಲಿ ಕಾಣೆಯಾಗಿರುವ ‘ಬೇಡ’ ಬಟನ್

ಮಾನ್ಯರೇ,

ನಾನು ಡೊಂಬಿವಲಿ ಪೂರ್ವದಲ್ಲಿ ವೆಬ್‌ಸೈಟ್ ಮಾಡಿಕೊಡುವವನು. ಸ್ಟೇಷನ್‌ನಿಂದ ಏಳು ನಿಮಿಷದ ದಾರಿ. ಒಂದು ರೂಮಿನ ಆಫೀಸು, ಎರಡು ಕಂಪ್ಯೂಟರು. ನನ್ನ ಗಿರಾಕಿಗಳೆಲ್ಲ ಸಣ್ಣವರು: ಉಡುಪಿ ಹೋಟೆಲಿನವರು, ಕ್ಯಾಟರಿಂಗ್‌ನವರು, ಟ್ರಾವೆಲ್ಸ್‌ನವರು, ಒಂದೆರಡು ಟ್ಯೂಷನ್ ಕ್ಲಾಸಿನವರು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಈ ಪತ್ರದಲ್ಲಿ ಕುಕಿ ಬ್ಯಾನರ್ ಬಗ್ಗೆ, ಅಂದರೆ ಸೈಟ್ ತೆರೆದ ಕೂಡಲೇ ನಿಮ್ಮ ಮೊಬೈಲಿನಲ್ಲಿ ‘ಕುಕಿ’ ಎಂಬ ಸಣ್ಣ ಗುರುತಿನ ಚೀಟಿ ಇಡಲಾ ಎಂದು ಕೇಳುವ ಪಟ್ಟಿಯ ಬಗ್ಗೆ, ಒಂದು ದೂರಿದೆ. ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ. ಎರಡನ್ನೂ ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ಮೊದಲು ದೂರು. ನನ್ನ ಚಿಕ್ಕಮ್ಮ ಮಾಟುಂಗಾದಲ್ಲಿದ್ದಾರೆ. ವಯಸ್ಸು 64. ಮುಂಬೈಯ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು. ಕನ್ನಡ ಪೇಪರನ್ನು ಶ್ರದ್ಧಾಂಜಲಿ ಜಾಹೀರಾತಿನ ಸಮೇತ ಓದಿ ಮುಗಿಸುತ್ತಾರೆ. ಹಿಂದಿ, ಮರಾಠಿ ಮಾತಿಗೆ ಏನೂ ತೊಂದರೆ ಇಲ್ಲ. ಇಂಗ್ಲಿಷ್ ಮಾತ್ರ ಸ್ಟೇಷನ್ ಹೆಸರು ಓದುವಷ್ಟು. ಅವರಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ ವನ್ ಸಿ ಎಂಬ ಸಕ್ಕರೆಯ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲು ಲ್ಯಾಬಿಗೆ ನಡೆದು ಹೋಗುತ್ತಿದ್ದರು. ಈಗ ಮೊಣಕಾಲು ಕೇಳುವುದಿಲ್ಲ. ಹಾಗಾಗಿ ಮೊಬೈಲಿನಲ್ಲೇ ಬುಕ್ ಮಾಡಿದರೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ.

ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಚಿಕ್ಕಮ್ಮ ಕನ್ನಡಕ ಏರಿಸಿ ಲ್ಯಾಬಿನ ವೆಬ್‌ಸೈಟ್ ತೆರೆದರು. ತೆರೆದದ್ದೇ ತಡ, ಅರ್ಧ ಪರದೆ ಮುಚ್ಚುವಂತೆ ಒಂದು ಬಿಳಿ ಪಟ್ಟಿ ಎದ್ದು ಬಂತು. ಎಲ್ಲ ಇಂಗ್ಲಿಷ್. ಕೆಳಗೆ ದಪ್ಪ ಹಸಿರು ಬಟನ್, ‘ಆಕ್ಸೆಪ್ಟ್ ಆಲ್’. ಅದರ ಪಕ್ಕದಲ್ಲಿ ಬೂದು ಬಣ್ಣದ ತೆಳ್ಳನೆ ಅಕ್ಷರದಲ್ಲಿ ‘ಮ್ಯಾನೇಜ್ ಪ್ರಿಫರೆನ್ಸಸ್’.

“ಎಂತ ಕೇಳ್ತಾ ಉಂಟು ಮಾರಾಯ ಇದು?” ಎಂದರು.

“ಕುಕೀಸ್ ಇಡ್ಲಿಕ್ಕೆ ಒಪ್ಪಿಗೆ ಕೇಳ್ತಾ ಉಂಟು.”

“ಕುಕೀಸ್ ಅಂದ್ರೆ ನಾನ್‌ಕಟಾಯಿ ಅಲ್ವಾ? ಶುಗರ್ ಇದ್ದವರಿಗೆ ಯಾಕೆ ಅದು?”

ನಾನು ನಕ್ಕೆ. ಅವರೂ ನಕ್ಕರು. ನಗುತ್ತಲೇ ಹಸಿರು ಬಟನ್ ಒತ್ತಿದರು. ಒತ್ತದೆ ಇನ್ನೇನು ಮಾಡುತ್ತಾರೆ? ಒತ್ತದಿದ್ದರೆ ಕೆಳಗಿರುವ ಬುಕಿಂಗ್ ಫಾರ್ಮೇ ಕಾಣುವುದಿಲ್ಲ.

ಮಾರನೇ ದಿನದಿಂದ ಅವರ ಮೊಬೈಲಿನಲ್ಲಿ ಸಕ್ಕರೆ ಅಳೆಯುವ ಮಶಿನ್, ಶುಗರ್‌ಫ್ರೀ ಬಿಸ್ಕತ್ತು, ಡಯಾಬಿಟಿಸ್ ಇದ್ದವರ ಇನ್ಶೂರೆನ್ಸ್, ಇವುಗಳದ್ದೇ ಜಾಹೀರಾತು. ಇವೆಲ್ಲ ಆ ಒಂದು ಬಟನ್‌ನಿಂದಲೇ ಬಂದವು ಎಂದು ನಾನು ಕೋರ್ಟಿನಲ್ಲಿ ನಿಂತು ಸಾಬೀತು ಮಾಡಲಾರೆ. ಆದರೆ ಅದಕ್ಕೆ ಮೊದಲು ಅವರ ಮೊಬೈಲಿನಲ್ಲಿ ಬರುತ್ತಿದ್ದದ್ದು ಸೀರೆ ಮತ್ತು ಮಿಕ್ಸಿ. ಇದನ್ನಂತೂ ನಾನೇ ನೋಡಿದ್ದೇನೆ.

ನನ್ನ ಕಸುಬು ಇದೇ ಆದ್ದರಿಂದ ಸುಮ್ನೆ ಬಿಡಲಿಲ್ಲ. ಆಫೀಸಿಗೆ ಬಂದು ಹೊಸ ಬ್ರೌಸರ್ ಪ್ರೊಫೈಲ್ ಮಾಡಿ ಅದೇ ಸೈಟ್ ತೆರೆದೆ. ಯಾವ ಬಟನ್ನೂ ಒತ್ತಲಿಲ್ಲ. ಸೈಟಿನ ಒಳಗೇನು ನಡೆಯುತ್ತಿದೆ ಎಂದು ತೋರಿಸುವ ಡೆವಲಪರ್ ಟೂಲ್ಸ್ ತೆಗೆದು ಕುಕಿಗಳನ್ನು ಎಣಿಸಿದೆ. ಆಗಲೇ 19 ಕುಕಿಗಳು ಕೂತಿದ್ದವು. ಅವುಗಳಲ್ಲಿ ಜಾಸ್ತಿ ಲ್ಯಾಬಿನದ್ದಲ್ಲ, ಜಾಹೀರಾತು ಕಂಪನಿಗಳದ್ದು. ಒಪ್ಪಿಗೆ ಕೇಳುವ ಪಟ್ಟಿ ಪರದೆಗೆ ಬರುವ ಮೊದಲೇ ಕೆಲಸ ಮುಗಿದಿತ್ತು. ಮದುವೆ ಮುಗಿಸಿ ಆಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ.

ಆಮೇಲೆ ‘ಬೇಡ’ ಅನ್ನಲು ಹೊರಟೆ. ಬೂದು ಅಕ್ಷರ ಒತ್ತಿದೆ. ಇನ್ನೊಂದು ಪುಟ ತೆರೆಯಿತು. ಅಲ್ಲಿ ನಾಲ್ಕು ಸ್ವಿಚ್, ನಾಲ್ಕೂ ಮೊದಲೇ ಆನ್. ಒಂದೊಂದಾಗಿ ಆಫ್ ಮಾಡಿದೆ. ಮುಗಿಯಿತು ಅಂದುಕೊಂಡರೆ ಪಕ್ಕದಲ್ಲಿ ‘ಲೆಜಿಟಿಮೇಟ್ ಇಂಟರೆಸ್ಟ್’ (ನಮಗೆ ನ್ಯಾಯವಾದ ಕಾರಣ ಇದೆ, ನಿಮ್ಮ ಒಪ್ಪಿಗೆ ಬೇಕಿಲ್ಲ ಎಂಬ ವಾದ) ಎಂಬ ಇನ್ನೊಂದು ಟ್ಯಾಬ್, ಅದರೊಳಗೆ ಮತ್ತೆ ಆನ್ ಆಗಿರುವ ಸ್ವಿಚ್‌ಗಳು. ಅದನ್ನೂ ಮುಗಿಸಿ, ಪುಟದ ಕೊನೆಯವರೆಗೆ ಇಳಿದು ‘ಸೇವ್’ ಒತ್ತಿದೆ. ಅಲ್ಲೂ ಒಂದು ದಪ್ಪ ಹಸಿರು ‘ಆಕ್ಸೆಪ್ಟ್ ಆಲ್’ ಕಾದು ಕೂತಿತ್ತು. ಕೈ ತಪ್ಪಿದರೆ ಎಲ್ಲ ಮೊದಲಿನಿಂದ. ಇಷ್ಟೆಲ್ಲ ಮಾಡಿ ಮತ್ತೆ ಎಣಿಸಿದರೆ 19ರಲ್ಲಿ 17 ಹಾಗೇ ಇದ್ದವು.

ಮಾಟುಂಗಾದ ಯಾವ ಹೋಟೆಲಿಗೆ ಬೇಕಾದರೂ ಹೋಗಿ ನೋಡಿ. ಬಡಿಸುವವನು “ಸಾಂಬಾರ್ ಹಾಕ್ಲಾ?” ಎಂದು ಕೇಳುತ್ತಾನೆ. “ಬೇಡ” ಅಂದರೆ ಮುಂದಿನ ಟೇಬಲ್ಲಿಗೆ ಹೋಗುತ್ತಾನೆ. ಅಡುಗೆಮನೆಗೆ ಬನ್ನಿ, ಒಂದೊಂದು ತರಕಾರಿಗೂ ಬೇರೆ ಬೇರೆ ಬೇಡ ಅನ್ನಿ, ಕೊನೆಗೆ ಸಹಿ ಹಾಕಿ ಎನ್ನುವುದಿಲ್ಲ.

ಕುಕಿ ಎಂಬುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಅದನ್ನು ತಯಾರಿಸಿದ್ದು, ನೀವು ಅಂಗಡಿಯ ಬುಟ್ಟಿಗೆ ಏನು ಹಾಕಿದ್ದೀರಿ ಎಂಬುದನ್ನು ಸೈಟ್ ಮರೆಯಬಾರದು ಎಂಬಂಥ ಕೆಲಸಕ್ಕೆ. ನಿಮ್ಮ ಮೊಬೈಲಿನಲ್ಲೇ ಇಡುವ ಒಂದು ಸಣ್ಣ ಚೀಟಿ, ಅಷ್ಟೇ. ಚಿಕ್ಕಮ್ಮ ಲಾಗಿನ್ ಆಗಿದ್ದಾರೆ, ಬೆಳಿಗ್ಗೆ ಏಳಕ್ಕೆ ಟೈಮ್ ಆರಿಸಿದ್ದಾರೆ ಎಂದು ನೆನಪಿಡುವ ಚೀಟಿಗೆ ಯಾರ ತಕರಾರೂ ಇಲ್ಲ. ಲ್ಯಾಬಿನ ಬಾಗಿಲಲ್ಲಿ ನಿಂತು ಯಾರು ಯಾವ ಪರೀಕ್ಷೆಗೆ ಬಂದರು ಎಂದು ಹೊರಗಿನವನೊಬ್ಬ ಬರೆದುಕೊಳ್ಳುವ ಚೀಟಿಯ ಬಗ್ಗೆ ನನ್ನ ಜಗಳ. ಈ ಚೀಟಿಗಳ ಆಯುಷ್ಯ ಎಷ್ಟು ಗೊತ್ತಾ? ಕ್ರೋಮ್ ಬ್ರೌಸರ್ 400 ದಿನಕ್ಕಿಂತ ಜಾಸ್ತಿ ಇಡಲು ಬಿಡುವುದಿಲ್ಲ. ಆ ಮಿತಿ ಬಂದದ್ದೂ 2022ರಲ್ಲಿ. 400 ದಿನ ಅಂದರೆ ಚಿಕ್ಕಮ್ಮನಿಗೆ ನಾಲ್ಕು ಸಲ ರಕ್ತ ಪರೀಕ್ಷೆ ಆಗಿರುತ್ತದೆ.

ಇನ್ನು ನನ್ನ ತಪ್ಪೊಪ್ಪಿಗೆ. 2019ರಲ್ಲಿ ಗೋವಾ, ಕೊಂಕಣ ಪ್ಯಾಕೇಜ್ ಮಾರುವ ಒಬ್ಬ ಟ್ರಾವೆಲ್ಸ್ ಗಿರಾಕಿಗೆ ಸೈಟ್ ಮಾಡಿಕೊಟ್ಟೆ. ವಿದೇಶಿಗಳೂ ಬುಕ್ ಮಾಡುತ್ತಾರೆ, ಕುಕಿ ಬ್ಯಾನರ್ ಬೇಕು ಎಂದರು. ನಾನು ‘ಬೇಕು’, ‘ಬೇಡ’ ಎರಡನ್ನೂ ಒಂದೇ ಅಳತೆಯಲ್ಲಿ ಇಟ್ಟು ತೋರಿಸಿದೆ. ಮಾಲೀಕರು ನೋಡಿ, “ನೋ ಬಟನ್ ಕಶಾಲಾ ಪಾಹಿಜೆ?” ಎಂದರು. ಯಾಕೆ ಬೇಕು ಅದು? ಇರಲೇಬೇಕು ಅಂತಿದ್ದರೆ ಸಣ್ಣದು ಮಾಡು, ಕಣ್ಣಿಗೆ ಬೀಳಬಾರದು. ನಾನು ಸಣ್ಣದು ಮಾಡಿದೆ. ಬಿಳಿಯ ಮೇಲೆ ತಿಳಿ ಬೂದು. ಬಿಸಿಲಲ್ಲಿ ಮೊಬೈಲ್ ಹಿಡಿದರೆ ಕಾಣುವುದೇ ಇಲ್ಲ. ಆ ಕೆಲಸಕ್ಕೆ 4,000 ರೂಪಾಯಿ ತೆಗೆದುಕೊಂಡೆ. ಆಮೇಲೆ ಅದೇ ಬ್ಯಾನರನ್ನು ಬಣ್ಣ ಬದಲಿಸಿ ಇನ್ನೂ ಆರು ಗಿರಾಕಿಗಳಿಗೆ ಹಾಕಿದೆ. ಯಾರೂ ಕೇಳಲಿಲ್ಲ. ಕೇಳುವವರೇ ಇರಲಿಲ್ಲ. ಆ ಭಾನುವಾರ ಚಿಕ್ಕಮ್ಮನ ಬೆರಳು ಹಸಿರು ಬಟನ್ ಮೇಲೆ ಹೋದಾಗ ನನಗೆ ಕಂಡದ್ದು ನನ್ನದೇ ಕೈಕೆಲಸ.

ಈ ಕಸುಬಿನ ಒಳಗಿನ ಇನ್ನೊಂದು ಗುಟ್ಟನ್ನು ಮಂಡಳಿಗೆ ಹೇಳಲೇಬೇಕು. ಕುಕಿ ಬ್ಯಾನರನ್ನು ಈಗ ಯಾರೂ ಕೂತು ಬರೆಯುವುದಿಲ್ಲ. ರೆಡಿಮೇಡ್ ಸಿಗುತ್ತದೆ. ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕಟ್ಟಿ ಸೈಟಿಗೆ ಅಂಟಿಸಿದರೆ ಆಯಿತು. ಅವುಗಳ ಸೆಟಿಂಗಿನಲ್ಲಿ ಯಾವ ದೇಶದವರಿಗೆ ಯಾವ ಬ್ಯಾನರ್ ತೋರಿಸಬೇಕು ಎಂದು ಆರಿಸಿಕೊಳ್ಳಬಹುದು. ನೀವೇ ಪರೀಕ್ಷೆ ಮಾಡಿ ನೋಡಿ. ಹೋಟೆಲ್ ರೂಮ್ ಬುಕ್ ಮಾಡುವ ಒಂದು ದೊಡ್ಡ ಸೈಟನ್ನು ನಾನು ಡೊಂಬಿವಲಿಯಿಂದ ತೆರೆದೆ. “ನೀವು ಮುಂದುವರಿದರೆ ಒಪ್ಪಿದಂತೆ” ಎಂಬ ಒಂದು ಸಾಲು, ಒಂದು ‘ಓಕೆ’. ಆಮೇಲೆ ವಿಪಿಎನ್ ಹಾಕಿ, ಜರ್ಮನಿಯಲ್ಲಿ ಕೂತವನಂತೆ ಅದೇ ಸೈಟ್ ತೆರೆದೆ. ಎರಡು ಬಟನ್, ಒಂದೇ ಅಳತೆ, ಒಂದೇ ಬಣ್ಣ. ಎಡಕ್ಕೆ ‘ಎಲ್ಲ ಬೇಡ’, ಬಲಕ್ಕೆ ‘ಎಲ್ಲ ಸರಿ’. ಅದೇ ಕಂಪನಿ, ಅದೇ ಕಂಪ್ಯೂಟರ್, ಅದೇ ನಾನು. ಬಟನ್ ಮಾಡಿ ಇಟ್ಟಿದ್ದಾರೆ, ನಮಗೆ ಮಾತ್ರ ಬಡಿಸಿಲ್ಲ. ಹಾಗಾಗಿ ನಾಳೆ ಯಾರಾದರೂ ನಿಮ್ಮ ಮುಂದೆ ಬಂದು “ತಾಂತ್ರಿಕವಾಗಿ ಕಷ್ಟ, ಟೈಮ್ ಬೇಕು” ಎಂದರೆ ದಯವಿಟ್ಟು ನಂಬಬೇಡಿ.

ಜರ್ಮನಿಯವರಿಗೆ ಆ ಬಟನ್ ಸುಮ್ನೆ ಸಿಕ್ಕಿಲ್ಲ. ಯುರೋಪಿನ ಗೌಪ್ಯತೆ ನಿಯಮ ಜಾರಿಗೆ ಬಂದದ್ದು 2018ರ ಮೇ 25ರಂದು. ಮೊದಲೇ ಟಿಕ್ ಹಾಕಿಟ್ಟ ಡಬ್ಬಿ ಒಪ್ಪಿಗೆ ಆಗುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ ಹೇಳಿತು. ಆದರೂ ‘ಬೇಡ’ ಬಟನ್ ಅಡಗಿಕೊಂಡೇ ಇತ್ತು. ಫ್ರಾನ್ಸಿನ ಗೌಪ್ಯತಾ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತು. ಕಾರಣ ಇಷ್ಟೇ: ಒಪ್ಪಲು ಒಂದು ಕ್ಲಿಕ್ಕು, ನಿರಾಕರಿಸಲು ಹಲವು. ಅದೇ ವರ್ಷ ಏಪ್ರಿಲಿನಲ್ಲಿ ಗೂಗಲ್ ಯುರೋಪಿನಲ್ಲಿ ‘ಎಲ್ಲ ಬೇಡ’ ಬಟನ್ ತರುವುದಾಗಿ ಹೇಳಿತು. ನಾಲ್ಕು ವರ್ಷ ಆಗದ ಕೆಲಸ ಮೂರು ತಿಂಗಳಲ್ಲಿ ಆಯಿತು.

ನಮ್ಮ ಕಾಯ್ದೆಗೆ ಬರುತ್ತೇನೆ. ನಾನು ವಕೀಲನಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ಎರಡು ಸಲ ಓದಿದ್ದೇನೆ. 44 ಕಲಮುಗಳ ಸಣ್ಣ ಕಾಯ್ದೆ. ಅದರಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಅದು ವ್ಯಕ್ತಿಯನ್ನು ‘ಆಕೆ’ ಎಂದು ಕರೆಯುತ್ತದೆ. ಗಂಡಾಗಲಿ ಹೆಣ್ಣಾಗಲಿ, ಎಲ್ಲರೂ ‘ಆಕೆ’. ಓದುವಾಗ ನನಗೆ ಪ್ರತಿ ಸಾಲಿನಲ್ಲೂ ಚಿಕ್ಕಮ್ಮನೇ ಕಂಡರು.

6ನೇ ಕಲಮು ಏನು ಹೇಳುತ್ತದೆ? ಆಕೆಯ ಒಪ್ಪಿಗೆ ಯಾರ ಒತ್ತಾಯವೂ ಇಲ್ಲದೆ, ತಿಳಿದು, ನಿರ್ದಿಷ್ಟ ಕೆಲಸಕ್ಕೆ, ಷರತ್ತಿಲ್ಲದೆ, ಸ್ಪಷ್ಟವಾಗಿ ಕೊಟ್ಟಿರಬೇಕು. ಆ ಕೆಲಸಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಅದು ಸೀಮಿತ. ಅದಕ್ಕೆ ಕಾಯ್ದೆಯೇ ಒಂದು ಉದಾಹರಣೆ ಕೊಟ್ಟಿದೆ. ಮೊಬೈಲಿನಲ್ಲಿ ಡಾಕ್ಟರ ಸಲಹೆ ಕೊಡಿಸುವ ಒಂದು ಆ್ಯಪ್, ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ. ಆಕೆ ಎರಡಕ್ಕೂ ಒಪ್ಪುತ್ತಾಳೆ. ಆದರೂ ನಂಬರುಗಳ ಪಟ್ಟಿ ಆ ಕೆಲಸಕ್ಕೆ ಬೇಕಿಲ್ಲವಾದ್ದರಿಂದ ಒಪ್ಪಿಗೆ ಚಿಕಿತ್ಸೆಗೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ರಕ್ತ ಪರೀಕ್ಷೆಗೆ ಜಾಹೀರಾತು ಕಂಪನಿಯ ಕುಕಿ ಬೇಕಾ? ಸಿರಿಂಜಿನೊಳಗೆ ಅದಕ್ಕೇನು ಕೆಲಸ?

ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವುದೂ ಕೊಟ್ಟಷ್ಟೇ ಸುಲಭ ಇರಬೇಕು ಎಂದೂ ಅದೇ ಕಲಮಿನಲ್ಲಿದೆ. ಹಸಿರು ಬಟನ್ ಒತ್ತಲು ಚಿಕ್ಕಮ್ಮನಿಗೆ ಎರಡು ಸೆಕೆಂಡ್ ಸಾಕಾಯಿತು. ವಾಪಸ್ ಪಡೆಯುವ ಜಾಗ ಆ ಸೈಟಿನಲ್ಲಿ ಎಲ್ಲಿದೆ ಎಂದು ಹುಡುಕಲು ನನಗೇ ಹತ್ತು ನಿಮಿಷ ಬೇಕಾಯಿತು. ನಾನು ಇದರಲ್ಲೇ ಅನ್ನ ತಿನ್ನುವವನು.

ಮೂರನೆಯದು ಭಾಷೆ. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಆಕೆಗೆ ಇರಬೇಕು. ಕನ್ನಡ ಇದೆ, ಮರಾಠಿ ಇದೆ, ಕೊಂಕಣಿ ಇದೆ. (ಚಿಕ್ಕಮ್ಮನ ಮನೆಮಾತು ತುಳು ಆ ಪಟ್ಟಿಯಲ್ಲಿಲ್ಲ. ಅದು ಬೇರೆ ಜಗಳ, ಬೇರೆ ಇಲಾಖೆ.) ಮುಂಬೈಯಲ್ಲಿ ಕನ್ನಡ ಓದುವವರು ಎಷ್ಟು ಮಂದಿ ಎಂದು ಕಂಪನಿಯವರು ಕೇಳಬಹುದು. ಇಲ್ಲಿ ನಮ್ಮವರು ಕಟ್ಟಿದ ಸಂಘಗಳನ್ನೇ ನೋಡಿ: ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರ ಊರು ಇದು. ಕಾನೂನಂತೂ ಊರು ಯಾವುದು ಎಂದು ಕೇಳುವುದಿಲ್ಲ. ಆಕೆಗೆ ಯಾವ ಭಾಷೆ ಬೇಕು ಎಂದು ಮಾತ್ರ ಕೇಳುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದ ಪ್ರಕರಣಕ್ಕೆ ಇರುವುದು ನಮ್ಮವರದ್ದೇ ಹೆಸರು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಅವರು ಕೋರ್ಟಿಗೆ ಹೋದರು. 2024ರಲ್ಲಿ ತೀರಿಕೊಂಡರು. ಆ ಹಿರಿಯರು ಗೆದ್ದುಕೊಟ್ಟ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಕೇಳುವ ಪಟ್ಟಿ ಅವರದೇ ಭಾಷೆಯಲ್ಲಿ ಇಲ್ಲ.

ಕಾಯ್ದೆ ಪೂರ್ತಿ ಜಾರಿಗೆ ಬಂದ ಮೇಲೆ ಚಿಕ್ಕಮ್ಮ ದೂರು ಕೊಡಬೇಕು ಅಂತಿಟ್ಟುಕೊಳ್ಳಿ. ಅವರು ನೇರ ನಿಮ್ಮ ಬಳಿ ಬರುವ ಹಾಗಿಲ್ಲ. ಮೊದಲು ಲ್ಯಾಬಿಗೇ ದೂರು ಕೊಡಬೇಕು. ಉತ್ತರಿಸಲು ಅವರಿಗೆ 90 ದಿನದವರೆಗೆ ಅವಕಾಶ. ಅದು ಮುಗಿದ ಮೇಲೆ ಮಂಡಳಿ. ಅಲ್ಲಿ ತಪ್ಪು ಸಾಬೀತಾದರೆ ಇಂಥ ವಿಷಯಕ್ಕೆ 50 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು. ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ, ಚಿಕ್ಕಮ್ಮನಿಗೆ ಒಂದು ರೂಪಾಯಿಯೂ ಇಲ್ಲ. ಮಾಹಿತಿ ಕಾಪಾಡುವಲ್ಲಿ ಕಂಪನಿ ಎಡವಿ ನಷ್ಟವಾದರೆ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 43ಎ ಎಂಬ ಕಲಮು ಇದೆ. ಹೊಸ ಕಾಯ್ದೆ ಅದನ್ನು ತೆಗೆದುಹಾಕುತ್ತದೆ. ಇನ್ನೂ ಒಂದಿದೆ. ಚಿಕ್ಕಮ್ಮನ ದೂರು ಸುಳ್ಳು ಅಥವಾ ಹುರುಳಿಲ್ಲದ್ದು ಎಂದು ಕಂಡರೆ ಅವರಿಗೇ 10,000 ರೂಪಾಯಿಯವರೆಗೆ ದಂಡ. ಇಂಗ್ಲಿಷ್ ಬಾರದ, 64 ವರ್ಷದ ಹೆಂಗಸು ಈ ದಾರಿ ಹಿಡಿಯುತ್ತಾರೆ ಎಂದು ನಿಮಗೆ ಅನ್ನಿಸುತ್ತದಾ?

ಆದ್ದರಿಂದ ನನ್ನ ಬೇಡಿಕೆಗಳು ಇವು. ಕಾಯ್ದೆಯಲ್ಲಿ ‘ಕುಕಿ’ ಎಂಬ ಪದವೇ ಇಲ್ಲ. ನಾಳೆ ವಕೀಲರು ಇದನ್ನೇ ಹಿಡಿದುಕೊಂಡು, ಇದು ಹೆಸರಿಲ್ಲದ ಬರೀ ನಂಬರು, ವೈಯಕ್ತಿಕ ಮಾಹಿತಿ ಅಲ್ಲ ಎಂದು ವಾದಿಸುತ್ತಾರೆ. ಆದರೆ ಯಾವ ಮಾಹಿತಿಯಿಂದ ವ್ಯಕ್ತಿಯನ್ನು ಗುರುತಿಸಲು ಆಗುತ್ತದೋ ಅದೆಲ್ಲ ವೈಯಕ್ತಿಕ ಎಂದೇ ಕಾಯ್ದೆಯ ವ್ಯಾಖ್ಯೆ. ಚಿಕ್ಕಮ್ಮನ ಫೋನನ್ನು ಹುಡುಕಿಕೊಂಡು ಬಂದು ಶುಗರ್‌ಫ್ರೀ ಬಿಸ್ಕತ್ತು ತೋರಿಸುವ ನಂಬರು ಗುರುತಿಸದೆ ಬಂತಾ? ಜಾಹೀರಾತಿಗೆ ಜಾಡು ಹಿಡಿಯುವ ಕುಕಿ ಈ ಕಾಯ್ದೆಗೆ ಒಳಪಡುತ್ತದೆ ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯದಿಂದ ಸ್ಪಷ್ಟನೆ ಕೊಡಿಸಿ. ಜೊತೆಗೆ ‘ಬೇಡ’ ಬಟನ್ ‘ಬೇಕು’ ಬಟನ್ ಪಕ್ಕದಲ್ಲೇ, ಅದೇ ಅಳತೆಯಲ್ಲಿ, ಅದೇ ಬಣ್ಣದಲ್ಲಿ ಇರಬೇಕು ಎಂಬುದಕ್ಕೆ ಒಂದು ಮಾದರಿ ಚಿತ್ರವನ್ನೇ ಹೊರಡಿಸಿ. ನನ್ನಂಥ ಸಣ್ಣವರು ಅದನ್ನು ಗಿರಾಕಿಗೆ ತೋರಿಸಿ “ಸೇಠ್, ಸರ್ಕಾರದ್ದೇ ನಮೂನೆ” ಎನ್ನಬಹುದು. ಈಗ ನಮ್ಮ ಕೈಯಲ್ಲಿ ಏನೂ ಇಲ್ಲ.

ಇದು ಹೊಸ ವಿಚಾರವೂ ಅಲ್ಲ. ಗ್ರಾಹಕರನ್ನು ಮೋಸದ ವಿನ್ಯಾಸದಿಂದ ಕಾಪಾಡಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದೇ ಮಾರ್ಗಸೂಚಿ ಹೊರಡಿಸಿ, 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿದೆ. ಒಂದನ್ನು ಎತ್ತಿ ತೋರಿಸಿ ಇನ್ನೊಂದನ್ನು ಮಸುಕು ಮಾಡುವುದೂ ಅದರಲ್ಲಿದೆ. ಅಂದರೆ 2019ರ ನನ್ನ 4,000 ರೂಪಾಯಿ ಕೆಲಸ. ಎರಡು ಕಚೇರಿಗಳೂ ಒಟ್ಟಿಗೆ ಕೂತರೆ ಅರ್ಧ ಕೆಲಸ ಆಗಲೇ ಆಗಿದೆ.

ಮಹಾರಾಷ್ಟ್ರ ಸರ್ಕಾರಕ್ಕೆ ಈ ಪತ್ರದ ಪ್ರತಿ ಕಳಿಸಲು ಕಾರಣ ಇದೆ. 27ನೇ ಕಲಮಿನ ಪ್ರಕಾರ ವ್ಯಕ್ತಿಗಳ ದೂರಿನ ಮೇಲೆ ಮಾತ್ರವಲ್ಲ, ರಾಜ್ಯ ಸರ್ಕಾರ ಕಳಿಸಿದ ಪ್ರಕರಣದ ಮೇಲೂ ಮಂಡಳಿ ವಿಚಾರಣೆ ಮಾಡಬಹುದು. ಮುಂಬೈ, ಠಾಣೆ, ಪುಣೆಯ ಆಸ್ಪತ್ರೆ, ಲ್ಯಾಬು, ಔಷಧಿ ಅಂಗಡಿಗಳ ಸೈಟ್‌ಗಳನ್ನು ಇಲಾಖೆ ಒಮ್ಮೆ ತೆರೆದು ಎಣಿಸಲಿ. ಒಂದು ಸೈಟಿಗೆ ಹತ್ತು ನಿಮಿಷ ಸಾಕು. ಹೇಗೆ ಎಣಿಸುವುದು ಎಂದು ತೋರಿಸಲು ನಾನು ಬಿಟ್ಟಿ ಬರುತ್ತೇನೆ. ಕೆಟ್ಟದ್ದನ್ನು ಸರ್ಕಾರವೇ ಮಂಡಳಿಗೆ ಕಳಿಸಲಿ. ಆಗ ಪ್ರತಿಯೊಬ್ಬ ಚಿಕ್ಕಮ್ಮನೂ 90 ದಿನ ಕಾಯಬೇಕಿಲ್ಲ.

ನಿಮ್ಮದು ಡಿಜಿಟಲ್ ಕಚೇರಿ. ದೂರಿನ ಫಾರ್ಮ್ ಕನ್ನಡದಲ್ಲೂ ಇರಲಿ. ಮಶಿನ್ ಅನುವಾದ ಮಾಡಿ ಬಿಡಬೇಡಿ, ಒಬ್ಬ ಕನ್ನಡಿಗನಿಗೆ ಓದಲು ಕೊಟ್ಟು ಅರ್ಥವಾಯಿತಾ ಎಂದು ಕೇಳಿ. ಇನ್ನೊಂದು, ಬ್ರೌಸರಿನಲ್ಲೇ ಒಮ್ಮೆ ‘ಬೇಡ’ ಎಂದು ಹಾಕಿಟ್ಟರೆ ಕಾನೂನಿಗೆ ಒಳಪಟ್ಟ ಸೈಟ್‌ಗಳೆಲ್ಲ ಅದನ್ನು ಪಾಲಿಸಬೇಕು ಎಂಬ ಏರ್ಪಾಟು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಆ ಸಂಕೇತವನ್ನು ಲೆಕ್ಕಿಸದ ಒಂದು ಸೌಂದರ್ಯವರ್ಧಕ ಕಂಪನಿ 2022ರಲ್ಲಿ 12 ಲಕ್ಷ ಡಾಲರ್ ಕಟ್ಟಬೇಕಾಯಿತು. ನಮ್ಮ ಕಾಯ್ದೆಯಲ್ಲಿ ಒಪ್ಪಿಗೆಗಳನ್ನು ನೋಡಿಕೊಳ್ಳುವ ‘ಕನ್ಸೆಂಟ್ ಮ್ಯಾನೇಜರ್’ ಎಂಬ ವ್ಯವಸ್ಥೆ ಇದೆಯಲ್ಲ, ಅದರ ಮೂಲಕ ‘ಬೇಡ’ವನ್ನೂ ಒಂದೇ ಸಲ ಹೇಳುವಂತೆ ಮಾಡಿ. ದಿನಕ್ಕೆ ಇಪ್ಪತ್ತು ಸಲ ಕೇಳಿದರೆ ಯಾರಾದರೂ ಸೋತು ಹಸಿರು ಒತ್ತುತ್ತಾರೆ. ಯುರೋಪಿನಲ್ಲೂ ಜನ ಹಾಗೇ ಸುಸ್ತಾಗಿದ್ದಾರೆ.

ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದಾಗ ಕಂಪನಿಗಳಿಗೆ ಮುಖ್ಯ ಹೊಣೆಗಳಿಗೆ 18 ತಿಂಗಳ ಸಮಯ ಸಿಕ್ಕಿತು. ತಯಾರಿಗೆ ಅಂತ ಕೊಟ್ಟ ಸಮಯ ಅದು. ನನ್ನ ಗಿರಾಕಿಗಳ ಸೈಟ್‌ಗಳಲ್ಲಿ ನಾನು ಬದಲಾವಣೆ ಶುರು ಮಾಡಿದ್ದೇನೆ. 2019ರಿಂದ ಹಾಕಿದ ಏಳು ಬ್ಯಾನರ್‌ಗಳಲ್ಲಿ ನಾಲ್ಕನ್ನು ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿದೆ. ಇಬ್ಬರು ಯೋಚನೆ ಮಾಡುತ್ತೇವೆ ಎಂದಿದ್ದಾರೆ. ಟ್ರಾವೆಲ್ಸ್‌ನವರು ಮಾತ್ರ, “ಎಲ್ಲರೂ ಮಾಡಿದ ಮೇಲೆ ನೋಡೋಣ” ಎಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆ.

ಲ್ಯಾಬಿಗೆ ಚಿಕ್ಕಮ್ಮನ ಹೆಸರಿನಲ್ಲಿ ದೂರು ಬರೆದಿದ್ದೇವೆ. ಒಂದು ಟಿಕೆಟ್ ನಂಬರ್ ಬಂದಿದೆ, ಇಂಗ್ಲಿಷಿನಲ್ಲಿ. 90 ದಿನ ಮುಗಿಯುವ ಹೊತ್ತಿಗೆ ಅವರ ಮುಂದಿನ ಸಕ್ಕರೆ ಪರೀಕ್ಷೆಯೂ ಬಂದಿರುತ್ತದೆ. ಮತ್ತೆ ಅದೇ ಸೈಟ್ ತೆರೆಯಬೇಕು. ಅದಕ್ಕೆ ಅಂತ ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ: ಯಾವ ಬೂದು ಅಕ್ಷರ ಒತ್ತಬೇಕು, ಎಷ್ಟು ಸ್ವಿಚ್, ಎರಡನೇ ಟ್ಯಾಬ್ ಎಲ್ಲಿದೆ, ‘ಸೇವ್’ ಯಾವುದು. ಹಾಳೆಯ ಎರಡೂ ಬದಿ ತುಂಬಿದೆ. ಚಿಕ್ಕಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಪಿನ್ ಹಾಕಿ ಇಟ್ಟಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ವೆಬ್‌ಸೈಟ್ ಮಾಡುವ ಒಬ್ಬ ಕನ್ನಡಿಗ,
ಡೊಂಬಿವಲಿ ಪೂರ್ವ